ಪ್ರತಿ, ಋಣ, ಅಂಕಿತ: ಎಗ್ಮೋರಿನ ಹಿನ್ನೆಲೆಯಲ್ಲಿ ಸಂಗೀತದ ನಕಲಿನ ಚರಿತ್ರೆ

1

ಬೆಲೆ ಕೊಡದೆ ಸಂಗೀತವನ್ನು ಪ್ರತಿ ಮಾಡಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಗಣಕಯಂತ್ರ ಮತ್ತು ಅಂತರಜಾಲಗಳ ಜೊತೆಯಲ್ಲಿ ಹುಟ್ಟಿತೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪ್ರಶ್ನೆ ಹಳೆಯದು. ಉಪಕರಣ ಬದಲಾದಂತೆಲ್ಲ ಅದು ಹೊಸ ರೂಪದಲ್ಲಿ ನಮ್ಮ ಮುಂದೆ ಬಂದು ನಿಂತಿದೆ. ಹಾಡನ್ನು ಕೇಳಿದವನು ಯಾರಿಗೆ ಋಣಿ? ಹಾಡಿದವರಿಗೋ, ಹಾಡು ಕಟ್ಟಿದವರಿಗೋ, ಅದನ್ನು ಅಚ್ಚುಹಾಕಿ ಮಾರಿದವರಿಗೋ? ಈ ಪ್ರಶ್ನೆಗೆ ಕಾನೂನು ಕಾಲಕಾಲಕ್ಕೆ ಕೊಟ್ಟ ಉತ್ತರವೂ ಕನ್ನಡ ಪರಂಪರೆ ಕೊಟ್ಟ ಉತ್ತರವೂ ಒಂದೇ ಅಲ್ಲ. ಇವೆರಡರ ನಡುವಣ ಅಂತರವನ್ನು ಗುರುತಿಸಿ, ಸಂಶೋಧಕರಾದ ನಮ್ಮ ಹೊಣೆ ಏನೆಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಚೆನ್ನೈ ನಗರದ ಎಗ್ಮೋರ್ ಭಾಗವನ್ನು ನಾವು ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ತಮಿಳಿನಲ್ಲಿ ಎಳುಂಬೂರು ಎನ್ನಿಸಿಕೊಳ್ಳುವ ಈ ಬಡಾವಣೆಯ ಗಾಂಧಿ ಇರ್ವಿನ್ ರಸ್ತೆಯಲ್ಲಿ ತಮಿಳುನಾಡು ಪತ್ರಾಗಾರವಿದೆ. ಬಳ್ಳಾರಿ ಜಿಲ್ಲೆ 1953ರವರೆಗೂ, ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ, ಕನ್ನಡ ನಾಡಿನ ಒಂದು ಭಾಗದ ಚರಿತ್ರೆಗೆ ಆಕರಗಳನ್ನು ಇಲ್ಲಿಯೇ ಅರಸಬೇಕಾಗುತ್ತದೆ. ಸಮೀಪದ ಪಾಂಥಿಯನ್ ರಸ್ತೆಯಲ್ಲಿ 1896ರಲ್ಲಿ ತೆರೆದ ಕನ್ನೆಮರ ಸಾರ್ವಜನಿಕ ಗ್ರಂಥಾಲಯವಿದೆ. ಅದೇ ರಸ್ತೆಯಲ್ಲಿ ಬಹುಕಾಲ ನಗರದ ಪೊಲೀಸ್ ಆಯುಕ್ತರ ಕಚೇರಿಯಿತ್ತು. 2021ರಿಂದ ಆ ಕಟ್ಟಡ ಪೊಲೀಸ್ ವಸ್ತುಸಂಗ್ರಹಾಲಯವಾಗಿದೆ. ಮದರಾಸಿನ ಬಾನುಲಿ ಮೊದಲು ದನಿಯೆತ್ತಿದ್ದೂ ಇದೇ ಎಗ್ಮೋರಿನಲ್ಲಿ. ಹೀಗೆ ಪ್ರತಿಗಳನ್ನು ಕಾಪಾಡುವ ಮನೆ, ಪ್ರತಿ ಮಾಡಿದವರನ್ನು ದಂಡಿಸುವ ಮನೆ, ಹಾಡನ್ನು ಗಾಳಿಯಲ್ಲಿ ಹರಡಿದ ಮನೆ - ಈ ಮೂರೂ ಒಂದು ನಡಿಗೆಯ ಅಳತೆಯೊಳಗೆ ಇದ್ದುವು.

2

ಎಗ್ಮೋರಿಗೆ ಬರುವ ಮುನ್ನ ಪ್ರತಿ ಎಂಬ ಕಲ್ಪನೆಗೆ ಕನ್ನಡದಲ್ಲಿದ್ದ ಅರ್ಥವನ್ನು ನೆನೆಯಬೇಕು. ಮುದ್ರಣಪೂರ್ವ ಕಾಲದಲ್ಲಿ ಪ್ರತಿ ಮಾಡುವುದು ಅಪರಾಧವಾಗಿರಲಿಲ್ಲ. ಅದು ಪುಣ್ಯಕಾರ್ಯವಾಗಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ರನ್ನನಿಗೆ ಆಶ್ರಯ ನೀಡಿ ಅಜಿತಪುರಾಣವನ್ನು ಬರೆಸಿದವಳೂ ಆಕೆಯೇ. ಜೈನ ಸಂಪ್ರದಾಯದಲ್ಲಿ ಶಾಸ್ತ್ರದಾನಕ್ಕೆ ಅನ್ನದಾನ, ಔಷಧದಾನ, ಅಭಯದಾನಗಳ ಸಾಲಿನಲ್ಲಿಯೇ ಸ್ಥಾನವಿದೆ.

ಅತ್ತಿಮಬ್ಬೆಯ ನಿದರ್ಶನವನ್ನು ಉಚಿತ ಪ್ರತಿಯ ಪರವಾಗಿ ಉದಾಹರಿಸುವವರು ಅದರ ಒಂದು ಮುಖವನ್ನು ಗಮನಿಸುವುದಿಲ್ಲ. ಸಾವಿರ ಪ್ರತಿ ಪಡೆದವರು ಬೆಲೆ ಕೊಡಲಿಲ್ಲ, ನಿಜ. ಆದರೆ ಬೆಲೆ ಕೊಟ್ಟವರು ಯಾರೂ ಇರಲಿಲ್ಲವೆಂದಲ್ಲ. ಓಲೆಗೆ, ಕಂಠಕ್ಕೆ, ಲಿಪಿಕಾರರ ದುಡಿಮೆಗೆ ತಗಲುವುದನ್ನು ದಾನಿ ವಹಿಸಿಕೊಂಡಳು. ಕವಿಗೆ ಆಶ್ರಯವೂ ಅದೇ ಕೈಯಿಂದ ದೊರೆಯಿತು. ಪ್ರತಿ ಉಚಿತವಾದದ್ದು ಋಣವನ್ನು ಒಬ್ಬರು ಮೊದಲೇ ತೀರಿಸಿದ್ದರಿಂದ.

ಹಾಡಿನ ವಿಷಯದಲ್ಲಿ ಇನ್ನೊಂದು ವ್ಯವಸ್ಥೆ ಬೆಳೆದುಬಂದಿತು. ಅದು ಅಂಕಿತ. ವಚನಕಾರರೂ ಹರಿದಾಸರೂ ತಮ್ಮ ಇಷ್ಟದೈವದ ಹೆಸರನ್ನು ರಚನೆಯೊಳಗೇ ಸೇರಿಸಿದರು. ಪುರಂದರದಾಸರ ಪದವನ್ನು ಭಜನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಯಾರು ಬೇಕಾದರೂ ಹಾಡಬಹುದಾಗಿತ್ತು, ಬರೆದುಕೊಳ್ಳಬಹುದಾಗಿತ್ತು. ಅಂಕಿತವನ್ನು ಮಾತ್ರ ಬಿಡುವಂತಿರಲಿಲ್ಲ. ಅಪ್ಪಣೆ ಬೇಡ, ಹಣ ಬೇಡ, ಹೆಸರು ಬೇಕು ಎಂಬುದು ಆ ಒಪ್ಪಂದದ ತಿರುಳು. ಈ ಏರ್ಪಾಡು ನಿರ್ದುಷ್ಟವಾಗಿತ್ತೆಂದು ನಾವು ಹೇಳುವುದಿಲ್ಲ. ಒಂದೇ ಪದ ಬೇರೆ ಬೇರೆ ಅಂಕಿತಗಳೊಡನೆ ಹಸ್ತಪ್ರತಿಗಳಲ್ಲಿ ದೊರೆಯುವುದನ್ನು ಸಂಪಾದಕರೆಲ್ಲ ಬಲ್ಲರು. ಆದರೆ ಅಂಕಿತ ಬದಲಾದ ಪದವನ್ನು ದೋಷವೆಂದು ಗುರುತಿಸಿ ಶೋಧಿಸುವ ವಿದ್ವತ್ತು ಬೆಳೆದುದೇ ಆ ನಿಯಮದ ಬಲಕ್ಕೆ ಸಾಕ್ಷಿ. ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಮಾಡಿಸಿದಾಗ ಪದಗಳೊಂದಿಗೆ ಅಂಕಿತಗಳೂ ಅಚ್ಚಿಗೆ ಬಂದುವು.

3

ಧ್ವನಿಯನ್ನೇ ಪ್ರತಿ ಮಾಡುವುದು ಸಾಧ್ಯವಾದಾಗ ಈ ಏರ್ಪಾಡು ಕದಡಿತು. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ ಬೇಗನೆ ದಕ್ಷಿಣಕ್ಕೂ ಹರಡಿತು. ಮೈಸೂರು ಸೀಮೆಯಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ ಬೆಂಗಳೂರು ನಾಗರತ್ನಮ್ಮ ಆ ಮೊದಲ ತಲೆಮಾರಿನಲ್ಲಿ ಧ್ವನಿ ಕೊಟ್ಟವರಲ್ಲಿ ಒಬ್ಬರು. ಆರಂಭದ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗುತ್ತಿದ್ದುವು. ಅಲ್ಲಿನ ಕೆಲಸಗಾರರು ಹೆಸರುಚೀಟಿಯನ್ನು ತಪ್ಪದೆ ಅಂಟಿಸಲೆಂದು ಗಾಯಕಿಯರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಹೇಳುವ ರೂಢಿಯಿತ್ತು. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ಈ ಉಚ್ಚಾರಣೆ ಇಂದಿನ ಕೇಳುಗನಿಗೆ ಒಂದು ಬಗೆಯ ಅಂಕಿತದಂತೆಯೇ ಕೇಳಿಸುತ್ತದೆ.

ಕಾನೂನು ಆ ಅಂಕಿತಕ್ಕೆ ಬೆಲೆ ಕೊಡಲಿಲ್ಲ. 1911ರ ಬ್ರಿಟಿಷ್ ಕೃತಿಸ್ವಾಮ್ಯ ಕಾಯಿದೆಯನ್ನು ಭಾರತಕ್ಕೆ ಅನ್ವಯಿಸಿದ್ದು 1914ರ ಕಾಯಿದೆ. ಅದರ ಪ್ರಕಾರ ಧ್ವನಿಮುದ್ರಿಕೆಯ ಮೂಲ ಅಚ್ಚು ಯಾರ ಒಡೆತನದಲ್ಲಿತ್ತೋ ಅವರೇ ಅದರ ಕರ್ತೃ. ಹಾಡಿದವರು ಸಂಭಾವನೆ ಪಡೆದು ಹೊರಟುಹೋಗುವವರು. ಅಚ್ಚಿನ ಒಡೆಯ ಕರ್ತೃ. ಸ್ವತಂತ್ರ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯೂ ಗಾಯಕರಿಗೆ ಹಕ್ಕು ಕೊಡಲಿಲ್ಲ. ಸಂಗೀತ ಕೃತಿಗೆ ಅದು ಕೊಟ್ಟ ವ್ಯಾಖ್ಯೆ ಮತ್ತಷ್ಟು ಗಮನಾರ್ಹ. ಮುದ್ರಿತವಾದ, ಬರಹಕ್ಕೆ ಇಳಿದ, ಅಥವಾ ಅನ್ಯಥಾ ರೇಖಾರೂಪದಲ್ಲಿ ಮೂಡಿದ ಸ್ವರಸಂಯೋಜನೆಗೆ ಮಾತ್ರ ಸಂಗೀತ ಕೃತಿ ಎಂಬ ಹೆಸರು ಸಲ್ಲುತ್ತಿತ್ತು. ಬಾಯಿಂದ ಬಾಯಿಗೆ ಕಲಿಸಿ, ಹಾರ್ಮೋನಿಯಂ ಮುಂದೆ ಕುಳಿತು ರಾಗ ಕೂಡಿಸುವ ನಮ್ಮ ಸಂಯೋಜಕರಲ್ಲಿ ಎಷ್ಟು ಮಂದಿ ಸ್ವರಲಿಪಿ ಬರೆದಿಟ್ಟರು? ಈ ಷರತ್ತನ್ನು ತೆಗೆದುಹಾಕಿದ್ದು 1994ರ ತಿದ್ದುಪಡಿ. ಗಾಯಕ ವಾದಕರಿಗೆ ಪ್ರದರ್ಶಕರ ಹಕ್ಕು ದೊರೆತದ್ದೂ ಅದೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದುದು 1995ರಲ್ಲಿ.

ಚಲನಚಿತ್ರ ಸಂಗೀತದ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಕನ್ನಡ ಚಿತ್ರಗಳ ಹಾಡುಗಳು ದಶಕಗಳ ಕಾಲ ಮುಖ್ಯವಾಗಿ ಮದರಾಸಿನ ಸ್ಟುಡಿಯೋಗಳಲ್ಲಿಯೇ ಮುದ್ರಣಗೊಂಡುವು. ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಮೊದಲಾದವರ ದುಡಿಮೆಯ ನೆಲೆ ಆ ನಗರವಾಗಿತ್ತು. ನಿರ್ಮಾಪಕನು ಹಣ ಕೊಟ್ಟು ಬರೆಸಿದ ಸಾಹಿತ್ಯಕ್ಕೂ ಸಂಗೀತಕ್ಕೂ, ಬೇರೆ ಒಪ್ಪಂದವಿಲ್ಲದಿದ್ದರೆ, ಅವನೇ ಮೊದಲ ಒಡೆಯನೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಈ ಸ್ಥಿತಿಯನ್ನು ತಿದ್ದಿದ್ದು 2012ರ ಕಾಯಿದೆ. ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ಗೌರವಧನದಲ್ಲಿ ಗೀತಕಾರನಿಗೂ ಸಂಯೋಜಕನಿಗೂ ಸಮಪಾಲು ಸಲ್ಲಬೇಕೆಂದೂ, ಈ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಒಪ್ಪಂದ ಅಸಿಂಧುವೆಂದೂ ಅದು ವಿಧಿಸಿತು. ಪ್ರದರ್ಶಕನನ್ನು ಹೆಸರಿನಿಂದ ಗುರುತಿಸಬೇಕೆಂಬ ಹಕ್ಕೂ ಅದೇ ಕಾಯಿದೆಯಲ್ಲಿ ಸೇರಿತು. ಹರಿದಾಸರು ಶತಮಾನಗಳ ಹಿಂದೆ ಪಾಲಿಸಿದ ಅಂಕಿತದ ನೀತಿ ಗಾಯಕರ ಮಟ್ಟಿಗೆ ನಮ್ಮ ಕಾನೂನಿಗೆ ಬಂದುದು ಹೀಗೆ 2012ರಲ್ಲಿ.

4

ಇನ್ನು ಬಾನುಲಿಯ ಪ್ರಸಂಗ. ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಪ್ರಯತ್ನದಿಂದ 1924ರ ಮೇ ತಿಂಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಸ್ಥಾಪನೆಯಾಯಿತು. ಅದೇ ವರ್ಷದ ಜುಲೈ 31ರಂದು ಎಗ್ಮೋರಿನ ಹಾಲೋವೇಸ್ ಗಾರ್ಡನ್ನಿನಿಂದ ಅದರ ಪ್ರಸಾರ ಆರಂಭಗೊಂಡಿತು. ಮನೆಯೊಳಗೆ ಕುಳಿತವನ ಕಿವಿಗೆ ಸಂಗೀತ ಗಾಳಿಯಲ್ಲಿ ತೇಲಿಬಂದ ಆ ದಿನಗಳ ಸಂಭ್ರಮ ಬಹುಕಾಲ ನಡೆಯಲಿಲ್ಲ. ಕ್ಲಬ್ಬು 1927ರಲ್ಲಿ ಹಣದ ಅಭಾವದಿಂದ ಪ್ರಸಾರವನ್ನು ನಿಲ್ಲಿಸಿತು. ಕೇಳುವವರಿದ್ದರು, ಪ್ರಸಾರದ ವೆಚ್ಚವನ್ನು ಹೊರುವಷ್ಟು ಕೊಡುವವರಿರಲಿಲ್ಲ. ದಕ್ಷಿಣ ಭಾರತದಲ್ಲಿ ಯಂತ್ರದ ಮೂಲಕ ಎಲ್ಲರಿಗೂ ಹಂಚಿದ ಸಂಗೀತದ ಈ ಮೊದಲ ಪ್ರಯೋಗ ಕಲಿಸಿದ ಪಾಠವೂ ಅದೇ.

ಅನಂತರ ಭಾರ ವಹಿಸಿದ್ದು ಮದರಾಸು ನಗರಸಭೆ. 1930ರ ಏಪ್ರಿಲ್ ತಿಂಗಳಿಂದ ಅದು ಪ್ರಸಾರ ನಡೆಸಿತು. ಕಡಲ ತೀರದಲ್ಲಿ, ಉದ್ಯಾನಗಳಲ್ಲಿ ಧ್ವನಿವರ್ಧಕಗಳನ್ನಿಟ್ಟು ಜನರಿಗೆ ಸಂಗೀತ ಕೇಳಿಸಿತು. ಬಡವನೂ ಕಾಸು ಕೊಡದೆ ಕೇಳಿದ. ಆದರೆ ಇಲ್ಲಿಯೂ ವೆಚ್ಚವನ್ನು ಹೊತ್ತದ್ದು ನಗರದ ತೆರಿಗೆಯ ಹಣ. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋ ತನ್ನ ಮದರಾಸು ಕೇಂದ್ರವನ್ನು ಎಗ್ಮೋರಿನ ಮಾರ್ಷಲ್ಸ್ ರಸ್ತೆಯ ಬಂಗಲೆಯೊಂದರಲ್ಲಿ ಆರಂಭಿಸಿತು. 1954ರಲ್ಲಿ ಕಡಲ ತೀರದ ಹೊಸ ಕಟ್ಟಡಕ್ಕೆ ಸಾಗುವವರೆಗೆ ಅದು ಅಲ್ಲಿಯೇ ಇತ್ತು. ಅದಕ್ಕೂ ಮೊದಲೇ, 1935ರಲ್ಲಿ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ವಂತ ಖರ್ಚಿನಿಂದ ಬಾನುಲಿ ಕೇಂದ್ರವನ್ನು ತೆರೆದಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ಅತ್ತಿಮಬ್ಬೆಯ ಪಾತ್ರವನ್ನು ಮೈಸೂರಿನಲ್ಲಿ ಒಬ್ಬ ಪ್ರಾಧ್ಯಾಪಕರೂ ಮದರಾಸಿನಲ್ಲಿ ನಗರಸಭೆಯೂ ವಹಿಸಿದುವೆಂದರೆ ಅತಿಶಯೋಕ್ತಿಯಾಗದು.

ಸರಕಾರದ ಬಾನುಲಿ ಕಲಾವಿದರಿಗೆ ಕಾರ್ಯಕ್ರಮಕ್ಕೆ ಇಷ್ಟೆಂದು ಸಂಭಾವನೆ ಕೊಡುತ್ತಿತ್ತು. ಕೇಳುಗನೂ ಅಂಚೆ ಕಚೇರಿಯಲ್ಲಿ ವಾರ್ಷಿಕ ಶುಲ್ಕ ಕಟ್ಟಿ ಪರವಾನಗಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಾಗಿತ್ತು. ಪರವಾನಗಿಯಿಲ್ಲದ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. 1980ರ ದಶಕದಲ್ಲಿ ಪರವಾನಗಿ ಪದ್ಧತಿ ರದ್ದಾಯಿತು. ಹಾಡು ಕೇಳುವುದಕ್ಕೂ ಹಣ ಕೊಡುವುದಕ್ಕೂ ಇದ್ದ ಕಣ್ಣಿಗೆ ಕಾಣುವ ನಂಟು ಸಾಮಾನ್ಯ ಜನರ ಮನಸ್ಸಿನಿಂದ ಅಳಿಸಿಹೋಗುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

5

ಅದೇ ಕಾಲಕ್ಕೆ ಧ್ವನಿಸುರುಳಿ ಮನೆಮನೆಗೂ ಬಂದಿತು. ಗ್ರಾಮಫೋನ್ ತಟ್ಟೆಯನ್ನು ಕೇಳುಗ ತಾನಾಗಿ ನಕಲು ಮಾಡುವಂತಿರಲಿಲ್ಲ. ಧ್ವನಿಸುರುಳಿಯನ್ನು ಎರಡು ಗುಂಡಿಗಳನ್ನು ಒತ್ತಿ ನಕಲು ಮಾಡಬಹುದಾಗಿತ್ತು. ಕನ್ನಡಕ್ಕೆ ಇದರಿಂದಾದ ಲಾಭವೂ ದೊಡ್ಡದು. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಭಾವಗೀತೆಗಳ ಮೊದಲ ಕನ್ನಡ ಧ್ವನಿಸುರುಳಿಯೆಂದು ಅದು ಖ್ಯಾತವಾಗಿದೆ. ಸಿ. ಅಶ್ವಥ್ ಮೊದಲಾದವರ ಮೂಲಕ ಶಿಶುನಾಳ ಶರೀಫರ ತತ್ವಪದಗಳೂ ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳೂ ಪುಸ್ತಕ ಓದದವರ ಬಾಯಲ್ಲಿಯೂ ನೆಲೆಗೊಂಡುವು. ಅಂಗಡಿಯಲ್ಲಿ ಕೊಂಡ ಸುರುಳಿಗಳಷ್ಟೇ ಈ ಕೆಲಸವನ್ನು ಮಾಡಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿದ ನಕಲುಗಳೂ ಮಾಡಿದುವು.

ಈ ಮಾತಿನಲ್ಲಿ ನಮ್ಮ ತಪ್ಪೊಪ್ಪಿಗೆಯೂ ಸೇರಿದೆ. ಕರ್ನಾಟಕದ ಹೊರಗೆ ಕನ್ನಡ ಕಲಿಸುವವರಿಗೆ ಆ ದಿನಗಳಲ್ಲಿ ಕನ್ನಡ ಧ್ವನಿಸುರುಳಿ ಸುಲಭವಾಗಿ ದೊರೆಯುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಒಂದೆರಡನ್ನು ಕೊಂಡು ತಂದು, ತರಗತಿಗೆಂದು ಹತ್ತಾರು ಪ್ರತಿ ಮಾಡಿಸಿ ಹಂಚಿದ್ದೇವೆ. ಆ ನಕಲುಗಳ ಮೇಲೆ ಕವಿಯ ಹೆಸರನ್ನು ಬರೆದೆವು. ಸಂಯೋಜಕರ, ಗಾಯಕರ ಹೆಸರು ಬರೆಯಲು ಚೀಟಿಯಲ್ಲಿ ಸ್ಥಳ ಸಾಲದೆಂದು ಬಿಟ್ಟೆವು. ಹಣ ಕೊಡದಿದ್ದುದಕ್ಕೆ ಅಲಭ್ಯತೆಯ ನೆಪವಾದರೂ ಇತ್ತು. ಹೆಸರು ಬಿಟ್ಟುದಕ್ಕೆ ಯಾವ ನೆಪವೂ ಇರಲಿಲ್ಲ. ಅಂಕಿತದ ಮಹತ್ತ್ವವನ್ನು ಅದೇ ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ನಾವು.

ನಕಲಿನ ವ್ಯಾಪಾರ ಬೆಳೆದಂತೆ ಕಾನೂನು ಕಠಿಣವಾಯಿತು. 1984ರ ತಿದ್ದುಪಡಿ ಕೃತಿಸ್ವಾಮ್ಯದ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಪ್ರತಿಯೊಂದು ಧ್ವನಿಮುದ್ರಿಕೆಯ ಮೇಲೂ ಅದರ ತಯಾರಕನ ಹೆಸರು ವಿಳಾಸ, ಹಕ್ಕಿನ ಒಡೆಯನ ಹೆಸರು ವಿಳಾಸ, ಮೊದಲ ಪ್ರಕಟಣೆಯ ವರ್ಷ ಇರಬೇಕೆಂದೂ ಅದು ಕಡ್ಡಾಯಗೊಳಿಸಿತು. ಈ ಪಟ್ಟಿಯಲ್ಲಿ ಗಾಯಕನ, ಕವಿಯ, ಸಂಯೋಜಕನ ಹೆಸರಿಲ್ಲ. ಅಂಕಿತಕ್ಕೆ ಬದಲಾಗಿ ಒಡೆಯನ ಮುದ್ರೆ ಕಡ್ಡಾಯವಾಯಿತು. ತಮಿಳುನಾಡು ತನ್ನ 1982ರ ಮುನ್ನೆಚ್ಚರಿಕೆ ಬಂಧನ ಕಾಯಿದೆಗೆ 2004ರಲ್ಲಿ ವೀಡಿಯೋ ನಕಲುಗಾರರನ್ನೂ ಸೇರಿಸಿತು. ಕರ್ನಾಟಕದ 1985ರ ಕಾಯಿದೆಯ ಶೀರ್ಷಿಕೆಯಲ್ಲಿಯೂ ಅನಂತರ ಧ್ವನಿ ಹಾಗೂ ವೀಡಿಯೋ ನಕಲುಗಾರರು ಗೂಂಡಾಗಳ ಜೊತೆಯಲ್ಲಿ ಸ್ಥಾನ ಪಡೆದರು. 2014ರಲ್ಲಿ ಡಿಜಿಟಲ್ ಅಪರಾಧಿಗಳೂ ಸೇರಿದರು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶ ಕೊಡುವ ಕಾಯಿದೆಗಳಿವು. ಹಿಂದೆ ಶಾಸ್ತ್ರದಾನಿಗೆ ಪುಣ್ಯ ತರುತ್ತಿದ್ದ ಕೆಲಸದ ಒಂದು ರೂಪ, ಲಾಭಕ್ಕಾಗಿ ನಡೆದಾಗ, ಸಾವಿರ ವರ್ಷಗಳ ಅನಂತರ ಗೂಂಡಾಗಿರಿಯ ಪಕ್ಕದಲ್ಲಿ ಬಂದು ನಿಂತಿತು.

6

1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆ ಆರಂಭವಾಗಿ, 2001ರಲ್ಲಿ ನ್ಯಾಯಾಲಯದ ಆಜ್ಞೆಯ ಪರಿಣಾಮವಾಗಿ ಮುಚ್ಚಿತು. ಆ ಎರಡು ವರ್ಷಗಳಲ್ಲಿ ಜಗತ್ತಿನ ಕೇಳುಗರು ಹಾಡನ್ನು ಇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡರು. ಅಲ್ಲಿಂದ ಮುಂದೆ ಹುಟ್ಟಿದ ವಾದಗಳಲ್ಲಿ ಮೂರು ಮುಖ್ಯವಾದುವು. ಅವನ್ನು ಮೇಲಿನ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸಬಹುದು.

ಪ್ರತಿ ಮಾಡಿದರೆ ಮೂಲ ಮೂಲದಲ್ಲಿಯೇ ಉಳಿಯುತ್ತದೆ, ಆದ್ದರಿಂದ ಅದು ಕಳವಲ್ಲ ಎಂಬುದು ಮೊದಲನೆಯದು. ಹಸು ಕದ್ದರೆ ಕೊಟ್ಟಿಗೆ ಬರಿದಾಗುತ್ತದೆ, ಹಾಡು ನಕಲಾದರೆ ಹಾಡುಗಾರನ ಕಂಠ ಬರಿದಾಗುವುದಿಲ್ಲವೆಂಬುದು ನಿಜ. ಆದರೆ ಎಗ್ಮೋರಿನ ರೇಡಿಯೋ ಕ್ಲಬ್ಬಿನಿಂದಲೂ ಕೇಳುಗರು ಏನನ್ನೂ ಹೊತ್ತೊಯ್ಯಲಿಲ್ಲ. ಆದರೂ ಅದು ಮುಚ್ಚಿತು. ಕಳವಲ್ಲದಿರುವುದು ಋಣವಿಲ್ಲದಿರುವುದಕ್ಕೆ ಸಮನಲ್ಲ.

ಕೊಟ್ಟ ಹಣ ಕಂಪನಿಗೆ ಹೋಗುತ್ತದೆಯೇ ಹೊರತು ಕಲಾವಿದರಿಗಲ್ಲ ಎಂಬುದು ಎರಡನೆಯದು. ಬಹುಕಾಲದ ಕಾನೂನು ಈ ದೂರಿಗೆ ಆಧಾರ ಒದಗಿಸಿದೆಯೆಂಬುದನ್ನು ಮೇಲೆ ಕಂಡೆವು. ಆದರೆ ಕಂಪನಿಗೆ ಕೊಡದವನು ಕಲಾವಿದನಿಗೆ ಕೊಟ್ಟನೆಂದೇನೂ ಆಗುವುದಿಲ್ಲ. 2012ರ ಅನಂತರವಂತೂ ಗೀತಕಾರನ ಪಾಲು ಕಾನೂನಿನಲ್ಲಿ ಸೇರಿರುವುದರಿಂದ, ಕೊಡದೆ ಉಳಿಸಿಕೊಂಡ ರೂಪಾಯಿಯಲ್ಲಿ ಅವನ ಕಾಸೂ ಇದೆ. ಕಲಾವಿದರೊಳಗೇ ಹಕ್ಕಿನ ಗೆರೆ ಎಳೆಯುವುದು ಸುಲಭವಲ್ಲವೆಂಬುದನ್ನೂ ಗಮನಿಸಬೇಕು. ಜಿ. ಕೆ. ವೆಂಕಟೇಶರ ಸಹಾಯಕರಾಗಿ ದುಡಿದು ಮೇಲೆ ಬಂದ ಇಳಯರಾಜಾ ಅವರು ತಮ್ಮ ರಚನೆಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ 2017ರಲ್ಲಿ ನೋಟೀಸು ಕೊಡಿಸಿದಾಗ, ಅದೇ ಹಾಡುಗಳಿಗೆ ಕಂಠ ಕೊಟ್ಟವರೇ ಅವನ್ನು ಹಾಡಲಾರದ ಸ್ಥಿತಿ ಬಂದಿತು. ಕಟ್ಟಿದವರ ಹಕ್ಕು ನ್ಯಾಯವಾದದ್ದು. ಹಾಡಿದವರ ನೋವೂ ಸುಳ್ಳಲ್ಲ.

ದೊರೆಯದ ಸಂಗೀತವನ್ನು ನಕಲು ಮಾಡದೆ ಗತ್ಯಂತರವಿಲ್ಲ ಎಂಬುದು ಮೂರನೆಯ ವಾದ. ಸಂಶೋಧಕರಿಗೆ ಸಂಬಂಧಿಸಿದ್ದೂ, ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಬಲವುಳ್ಳದ್ದೂ ಇದೇ. 1954ರ ಗ್ರಂಥ ಸಲ್ಲಿಕೆ ಕಾಯಿದೆಯಂತೆ ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿ ಎಗ್ಮೋರಿನ ಕನ್ನೆಮರ ಗ್ರಂಥಾಲಯಕ್ಕೆ ಸಲ್ಲಬೇಕು. ಪುಸ್ತಕವೆಂಬುದರಲ್ಲಿ ಬಿಡಿಯಾಗಿ ಅಚ್ಚಾದ ಸ್ವರಲಿಪಿಯ ಹಾಳೆಯೂ ಸೇರಿದೆ. ಧ್ವನಿಮುದ್ರಿಕೆ ಸೇರಿಲ್ಲ. ಪರಿಣಾಮವಾಗಿ, ಕವಿತೆಯ ಪುಸ್ತಕ ಕಾನೂನಿನ ಬಲದಿಂದ ಅಲ್ಲಿಗೆ ಬರುತ್ತದೆ. ಅದೇ ಕವಿತೆಯನ್ನು ಹಾಡಿದ ಧ್ವನಿಸುರುಳಿಯನ್ನು ತರಿಸಿಕೊಳ್ಳುವ ಕಾನೂನಿಲ್ಲ. ಹಳೆಯ ಧ್ವನಿಮುದ್ರಿಕೆಗಳಲ್ಲಿ ಬಹಳಷ್ಟು ಉಳಿದುಬಂದುದು ಗುಜರಿಯಿಂದ ಹೆಕ್ಕಿ ತಂದ ಖಾಸಗಿ ಸಂಗ್ರಾಹಕರಿಂದ, ಅವರು ಒಬ್ಬರಿಗೊಬ್ಬರು ಮಾಡಿಕೊಟ್ಟ ನಕಲುಗಳಿಂದ. ಒಡೆಯನಾದವನು ಕಾಪಾಡದೆ ಹೋದುದನ್ನು ನಕಲು ಮಾಡಿದವನು ಕಾಪಾಡಿದ ನಿದರ್ಶನಗಳನ್ನು ಚರಿತ್ರಕಾರರು ಕಡೆಗಣಿಸಲಾಗದು.

7

ಈ ಚರ್ಚೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ನಕಲು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಪ್ರತಿ ಉಚಿತವಾಗಿ ಹಂಚಿಹೋದ ಪ್ರತಿಯೊಂದು ಒಳ್ಳೆಯ ನಿದರ್ಶನದಲ್ಲಿಯೂ ಋಣವನ್ನು ತೀರಿಸುವವರೊಬ್ಬರಿದ್ದರು: ದಾನಿ, ನಗರಸಭೆ, ಸರಕಾರ ಅಥವಾ ಪರವಾನಗಿಯ ಕೇಳುಗ. ಯಾರೂ ತೀರಿಸದಿದ್ದಾಗ ಸಂಗೀತವೇ ನಿಂತಿತು, ಇಲ್ಲವೆ ಸಂಗೀತಗಾರ ಬಡವಾದ. ಆದ್ದರಿಂದ ಕೇಳಬೇಕಾದ ಪ್ರಶ್ನೆ ನಕಲು ಮಾಡಿದೆಯಾ ಎಂಬುದಲ್ಲ. ಋಣವನ್ನು ಯಾರು ತೀರಿಸಿದರು, ಅದು ಕಟ್ಟಿದವರನ್ನೂ ಹಾಡಿದವರನ್ನೂ ತಲಪಿತೇ, ಹೆಸರು ಉಳಿಯಿತೇ ಎಂಬುದು.

ರಾಜ್ಯದ ಹೊರಗಿದ್ದು ಕನ್ನಡ ಸಂಗೀತ ಸಾಮಗ್ರಿಯ ಮೇಲೆ ಕೆಲಸಮಾಡುವವರಿಗೆ ಇದರಿಂದ ಕೆಲವು ಕರ್ತವ್ಯಗಳು ಪ್ರಾಪ್ತವಾಗುತ್ತವೆ. ಧ್ವನಿಮುದ್ರಿಕೆಯ ಸ್ವಾಮ್ಯ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷಗಳಿಗೆ ಮುಗಿಯುತ್ತದೆ. ಆದರೆ ಅದರಲ್ಲಿನ ಕವಿತೆಯ ಹಕ್ಕು ಕವಿಯ ಮರಣಾನಂತರ 60 ವರ್ಷಗಳವರೆಗೆ ಬೇರೆಯಾಗಿ ಉಳಿಯುತ್ತದೆ. 2003ರಲ್ಲಿ ತೀರಿಕೊಂಡ ನರಸಿಂಹಸ್ವಾಮಿಯವರ ಕವಿತೆಗಳ ಮಟ್ಟಿಗೆ ಅದು 2063ರ ಕೊನೆಯವರೆಗೆ. ಖಾಸಗಿ ಬಳಕೆಗೂ ಸಂಶೋಧನೆಗೂ ಮಾಡುವ ನ್ಯಾಯವಾದ ಬಳಕೆಯನ್ನು 2012ರ ತಿದ್ದುಪಡಿ ಧ್ವನಿಮುದ್ರಿಕೆಗಳಿಗೂ ವಿಸ್ತರಿಸಿದೆ; ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಡಲೂ ಅವಕಾಶ ಕೊಟ್ಟಿದೆ. ಈ ಅವಕಾಶಗಳನ್ನು ಅರಿತು ಬಳಸಬೇಕು, ಮೀರಬಾರದು. ಮಾರಾಟದಲ್ಲಿ ದೊರೆಯುವುದನ್ನು ಕೊಂಡೇ ಕೇಳಬೇಕು. ದೊರೆಯದುದನ್ನು ಪ್ರತಿ ಮಾಡಿದರೆ, ಪ್ರತಿಯೊಂದಿಗೆ ಕವಿ, ಸಂಯೋಜಕ, ಗಾಯಕ, ವಾದಕ, ವರ್ಷ, ಮೂಲ ಇದ್ದ ಸ್ಥಳ ಎಲ್ಲವನ್ನೂ ದಾಖಲಿಸಬೇಕು. ಹಾಡಿದ ಜನಪದ ಕಲಾವಿದರಿಗೆ ಅವರದೇ ಧ್ವನಿಯ ಒಂದು ಪ್ರತಿಯನ್ನು ಮರಳಿ ತಲಪಿಸಬೇಕು. ಖಾಸಗಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಪ್ರತಿಯನ್ನು ಒಂದಲ್ಲ ಒಂದು ದಿನ ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಬೇಕು.

ಧ್ವನಿಮುದ್ರಿಕೆಗಳನ್ನೂ ಗ್ರಂಥ ಸಲ್ಲಿಕೆಯ ವ್ಯಾಪ್ತಿಗೆ ತರುವ ಕಾನೂನು ಆಗಬೇಕೆಂಬುದು ನಮ್ಮ ಬಿನ್ನಹ. ಅದು ಆಗುವವರೆಗೆ ಪಾಂಥಿಯನ್ ರಸ್ತೆಯ ಕಪಾಟುಗಳಲ್ಲಿ ನಮ್ಮ ಹಾಡುಗಳ ಅಕ್ಷರ ಮಾತ್ರ ಕಾನೂನಿನ ಆಶ್ರಯದಲ್ಲಿ ಇರುತ್ತದೆ. ಧ್ವನಿಯನ್ನು ಉಳಿಸುವ ಭಾರ ನಕಲು ಮಾಡುವವರ ಪ್ರಾಮಾಣಿಕತೆಯ ಮೇಲೆಯೇ ನಿಂತಿರುತ್ತದೆ.